ಸಾಲ ‘ಸೆಟಲ್’ ಆದರೆ ಸಾಲ ತೀರಿದಂತೆಯೇ?

ಸಾರಾಂಶ

ಬ್ಯಾಂಕಿನೊಂದಿಗೆ ಸೆಟಲ್‌ಮೆಂಟ್ ಮಾಡಿಕೊಂಡರೆ ಸಾಲ ಪೂರ್ತಿ ತೀರಿತು ಎಂದು ಅನೇಕರು ನಂಬಿದ್ದಾರೆ. ಇದು ಅರ್ಧ ಸತ್ಯ.

‘ತೀರು’ ಎಂದರೇನು?

‘ತೀರು’ ಎಂದರೆ ಮುಗಿ, ಕೊನೆಗೊಳ್ಳು. ನ್ಯಾಯಾಲಯದ ತೀರ್ಪು, ಸಭೆಯ ತೀರ್ಮಾನ ಎರಡಕ್ಕೂ ಇದೇ ಮೂಲ. ಸಾಲ ತೀರಿಸುತ್ತೇವೆ, ಹಗೆ ತೀರಿಸಿಕೊಳ್ಳುತ್ತೇವೆ. ಹಟ ಹಿಡಿದರೆ ‘ಮಾಡಿಯೇ ತೀರುತ್ತೇನೆ’ ಎನ್ನುತ್ತೇವೆ. ಯಾರಾದರೂ ಸತ್ತರೆ ‘ತೀರಿಕೊಂಡರು’ ಎನ್ನುತ್ತೇವೆ. ತೆಲುಗಿನಲ್ಲೂ ತೀರ್ಪು ಎಂಬ ಪದವೇ ಇದೆ. ಈ ಬಳಕೆಗಳಲ್ಲೆಲ್ಲ ಇರುವ ಭಾವ ಒಂದೇ: ಇನ್ನೇನೂ ಬಾಕಿ ಇಲ್ಲ.

ಗೊಂದಲ ಎಲ್ಲಿ?

‘ಒನ್ ಟೈಮ್ ಸೆಟಲ್‌ಮೆಂಟ್’ ಅನ್ನೂ ನಾವು ಸಾಲ ತೀರುವಳಿ ಎಂದೇ ಕರೆಯುತ್ತೇವೆ. ಉದಾಹರಣೆಗೆ, ಅಸಲು ಬಡ್ಡಿ ಸೇರಿ 1 ಲಕ್ಷ ರೂಪಾಯಿ ಬಾಕಿಯಿದೆ ಎಂದುಕೊಳ್ಳಿ. ಬ್ಯಾಂಕು 60 ಸಾವಿರಕ್ಕೆ ಒಪ್ಪಿತು, ನೀವು ಕಟ್ಟಿದಿರಿ. ವಸೂಲಿಯ ಕರೆಗಳು ನಿಲ್ಲುತ್ತವೆ. ಆದರೆ ಕ್ರೆಡಿಟ್ ವರದಿಯಲ್ಲಿ ಆ ಸಾಲದ ಮುಂದೆ ‘ಕ್ಲೋಸ್ಡ್’ ಎಂದಲ್ಲ, ‘ಸೆಟಲ್ಡ್’ ಎಂದು ದಾಖಲಾಗುತ್ತದೆ. ಅಂದರೆ ಪೂರ್ತಿ ಹಣ ಬಂದಿಲ್ಲ ಎಂದರ್ಥ. ಸ್ಕೋರ್ ಕುಸಿಯುತ್ತದೆ, ಮುಂದೆ ಮನೆ ಸಾಲ ಕೇಳಿದಾಗ ಬ್ಯಾಂಕು ನಿರಾಕರಿಸಬಹುದು. ಕ್ರೆಡಿಟ್ ಮಾಹಿತಿ ಕಂಪನಿಗಳು ಇಂಥ ಮಾಹಿತಿಯನ್ನು ಕನಿಷ್ಠ 7 ವರ್ಷ ಉಳಿಸಿಕೊಳ್ಳಬೇಕೆಂಬ ನಿಯಮವಿದೆ.

ಹಾಗಾದರೆ ಸೆಟಲ್‌ಮೆಂಟ್ ಬೇಡವೇ?

ಹಾಗೇನಿಲ್ಲ. ಕೆಲಸ ಹೋದಾಗ, ಕಾಯಿಲೆ ಬಂದಾಗ ಬಡ್ಡಿ ಬೆಳೆಯುತ್ತಾ ಹೋಗುವುದಕ್ಕಿಂತ ಇದು ಮೇಲು. ಕೈಯಲ್ಲಿ ಹಣ ಇದ್ದೂ ರಿಯಾಯಿತಿಯ ಆಸೆಗೆ ಒಪ್ಪಿದರೆ ಮಾತ್ರ ನಷ್ಟ. ಬ್ಯಾಂಕು ಬಿಟ್ಟುಕೊಟ್ಟ ಮೊತ್ತವನ್ನು ಮುಂದೆ ಕಟ್ಟಿ, ದಾಖಲೆಯನ್ನು ‘ಕ್ಲೋಸ್ಡ್’ ಎಂದು ಬದಲಿಸುವಂತೆ ಕೇಳಬಹುದು.

ಏನು ಮಾಡಬೇಕು?

• ಹಣ ಕಟ್ಟುವ ಮೊದಲೇ ಷರತ್ತುಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ಏಜೆಂಟರ ಬಾಯಿಮಾತು ಸಾಲದು.
• ಕಟ್ಟಿದ ನಂತರ ಬಾಕಿ ಇಲ್ಲವೆಂಬ ಪತ್ರ ಕೇಳಿ ಪಡೆದು ಜೋಪಾನವಾಗಿಡಿ.
• ಪ್ರತಿಯೊಂದು ಕ್ರೆಡಿಟ್ ಮಾಹಿತಿ ಕಂಪನಿಯಿಂದ ವರ್ಷಕ್ಕೊಮ್ಮೆ ಉಚಿತವಾಗಿ ಪೂರ್ಣ ವರದಿ ಸಿಗುತ್ತದೆ. ನಿಮ್ಮ ಸಾಲದ ಮುಂದೆ ಯಾವ ಪದವಿದೆ ಎಂದು ನೋಡಿಕೊಳ್ಳಿ.
• ಮನೆ ಸಾಲದಂಥ ವೈಯಕ್ತಿಕ ಸಾಲ ಪೂರ್ತಿ ಕಟ್ಟಿದ ಅಥವಾ ಸೆಟಲ್ ಆದ 30 ದಿನಗಳೊಳಗೆ ಆಸ್ತಿಯ ಮೂಲ ಪತ್ರಗಳನ್ನು ಮರಳಿಸಬೇಕು. ಬ್ಯಾಂಕಿನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ರಿಸರ್ವ್ ಬ್ಯಾಂಕಿನ ಈ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ನಮ್ಮ ಮಾತಿನಲ್ಲಿ ಎರಡೂ ‘ತೀರಿತು’ ಎಂದೇ ಆಗಬಹುದು. ಬ್ಯಾಂಕಿನ ಲೆಕ್ಕದಲ್ಲಿ ಅವು ಬೇರೆ ಬೇರೆ. ಸಹಿ ಹಾಕುವ ಮುನ್ನ ಯಾವುದಕ್ಕೆ ಹಾಕುತ್ತಿದ್ದೀರಿ ಎಂದು ಕೇಳಿ ತಿಳಿದುಕೊಳ್ಳಿ.