ನಿಮಗಿದು ಗೊತ್ತೆ? 9 ದಿನಕ್ಕೊಮ್ಮೆ ಉಬ್ಬಿದ ಬಾನು

ನಮ್ಮ ಬಯಲುಸೀಮೆಯ ಹುನ್ನೂರಿನ ಕಬ್ಬಿನ ಹೊಲದಿಂದ ನೆಟ್ಟಗೆ 400 ಕಿ.ಮೀ. ಮೇಲೇರಿದರೂ ಗಾಳಿ ಮುಗಿಯುವುದಿಲ್ಲ, ತೀರಾ ತೆಳ್ಳಗಾಗಿರುತ್ತದೆ ಅಷ್ಟೆ. 2005ರಲ್ಲಿ ಜರ್ಮನಿಯ ಚಾಂಪ್ ಉಪಗ್ರಹ ಹೆಚ್ಚುಕಡಿಮೆ ಆ ಎತ್ತರದಲ್ಲಿ ಹಾರುತ್ತಿದ್ದಾಗ, ಅಲ್ಲಿನ ಗಾಳಿಯ ಸಾಂದ್ರತೆ ಸುಮಾರು 9 ದಿನಕ್ಕೊಮ್ಮೆ ಏರಿ ಇಳಿಯುತ್ತಿತ್ತು. ಬಿಸಿಲಿನ ಏರುಪೇರೇ ಕಾರಣ ಎನ್ನೋಣವೆಂದರೆ, ಸೂರ್ಯನ ನೇರಳಾತೀತ ಕಿರಣಗಳಲ್ಲಿ ಆ ಲಯವೇ ಇರಲಿಲ್ಲ. ಅದು ಇದ್ದದ್ದು ಸೌರಮಾರುತದಲ್ಲಿ, ಅಂದರೆ ಸೂರ್ಯನಿಂದ ಹೊಮ್ಮುವ ಕಣಗಳ ಹರಿವಿನಲ್ಲಿ. ಭೂಮಿಯಿಂದ ನೋಡಿದರೆ ಸೂರ್ಯ ಒಂದು ಸುತ್ತು ತಿರುಗಲು ಸುಮಾರು 27 ದಿನ ಬೇಕು. ಆಗ ಅವನ ಹೊರವಲಯದಲ್ಲಿ ಮೂರು ಕರೋನಾ ರಂಧ್ರಗಳು, ಅಂದರೆ ಮಾರುತ ವೇಗವಾಗಿ ಹೊಮ್ಮುವ ತಾಣಗಳು, ಬಹುತೇಕ ಸಮದೂರದಲ್ಲಿದ್ದವು. ಒಂದೊಂದೂ ನಮ್ಮತ್ತ ತಿರುಗಿದಾಗ ಸೆಕೆಂಡಿಗೆ 500 ಕಿ.ಮೀ. ಮೀರಿದ ಮಾರುತ ಬಂದು ಬಡಿಯುತ್ತಿತ್ತು.

ಈ ಮಾರುತದ ಶಕ್ತಿ ಇಳಿಯುವುದು ಧ್ರುವಗಳ ಬಳಿ; ಅದಕ್ಕೂ ನಮ್ಮ ಬಯಲುಸೀಮೆಗೂ ಏನು ಸಂಬಂಧ ಎಂದು ಕೇಳಬಹುದು. ಅಲ್ಲಿ ಕಾದು ಉಬ್ಬಿದ ಗಾಳಿಯ ಅಲೆಗಳು ಕೆಲವೇ ಗಂಟೆಗಳಲ್ಲಿ ಸಮಭಾಜಕ ವೃತ್ತದವರೆಗೂ ಬರುತ್ತವೆ. ದೊಡ್ಡ ಸೌರಸ್ಫೋಟದ ಮುಂದೆ ಈ ಮಾರುತದ ಪರಿಣಾಮ ಸಣ್ಣದು, ನಿಜ. ಆದರೆ ಸ್ಫೋಟದ ಅಬ್ಬರ ಒಂದೆರಡು ದಿನದ್ದು. ಈ ಮಾರುತ ದಿನಗಟ್ಟಲೆ ಬೀಸಿ, ತಿಂಗಳುಗಟ್ಟಲೆ ಮರಳಿ ಮರಳಿ ಬರುತ್ತದೆ, ಕೆಳಕಕ್ಷೆಯ ಉಪಗ್ರಹಗಳನ್ನು ಪ್ರತಿ ಬಾರಿಯೂ ಇಷ್ಟಿಷ್ಟೇ ಕೆಳಕ್ಕೆಳೆಯುತ್ತದೆ. 2024ರ ಜನವರಿ 6ರಂದು ತನ್ನ ನೆಲೆ ಸೇರಿದ ಇಸ್ರೋದ ಆದಿತ್ಯ-ಎಲ್1, ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ ನಿಂತು ಇದೇ ಮಾರುತವನ್ನು ಅಳೆಯುತ್ತಿದೆ.