ಎಕ್ಸೆಲ್‌ನಲ್ಲಿ ಎರರ್ ಬಂದರೆ ಸೊನ್ನೆ ಹಾಕಿ ಮುಚ್ಚಬೇಡಿ

ಓವರ್‌ಟೈಮ್ ಗಂಟೆಗಳನ್ನು ನಮ್ಮಲ್ಲಿ ಅನೇಕರು ಎಕ್ಸೆಲ್ ಶೀಟ್‌ನಲ್ಲಿ ಬರೆದಿಡ್ತಾರೆ. ಒಳ್ಳೇ ಅಭ್ಯಾಸ. ಆದರೆ ಒಂದು ವಿಷಯ ಗೊತ್ತಿರಲಿ: ಎಕ್ಸೆಲ್‌ಗೆ ಸಂಖ್ಯೆ ಬೇರೆ, ಅಕ್ಷರ ಬೇರೆ.

ಸೆಲ್‌ನಲ್ಲಿ ಬರೀ ‘3’ ಎಂದು ಬರೆದರೆ ಅದು ಸಂಖ್ಯೆ. ‘3 ಗಂಟೆ’ ಎಂದು ಬರೆದರೆ ಅಕ್ಷರ. ಅದನ್ನು ಗಂಟೆಯ ದರದಿಂದ ಗುಣಿಸಿದರೆ ‘ವ್ಯಾಲ್ಯೂ’ ಎರರ್ ಬರುತ್ತದೆ. ಸಮ್ ಫಾರ್ಮುಲಾ ಹಾಕಿ ಗಂಟೆಗಳ ಕಾಲಂ ಕೂಡಿಸಿದರೆ ಎರರ್ ಕೂಡ ಬರೋದಿಲ್ಲ; ಆ ಸೆಲ್ ಬಿಟ್ಟು ಉಳಿದದ್ದನ್ನು ಸುಮ್ಮನೆ ಕೂಡಿಸಿಬಿಡುತ್ತದೆ.

ಎರರ್ ನೋಡಲು ಚೆನ್ನಾಗಿಲ್ಲ ಅಂತ ಕೆಲವರು ಇಫ್‌ಎರರ್ ಹಾಕಿ ಅಲ್ಲಿ ಸೊನ್ನೆ ಬರುವ ಹಾಗೆ ಮಾಡ್ತಾರೆ. ಶೀಟ್ ಚೊಕ್ಕಟವಾಗಿ ಕಾಣುತ್ತೆ, ಆದರೆ ದುಡಿದ 3 ಗಂಟೆ ಮಾಯ. ಗಂಟೆಗೆ 10 ದಿರ್ಹಂ ಎಂದರೂ 30 ದಿರ್ಹಂ ಲೆಕ್ಕದಿಂದ ಹೋಯಿತು.

ಹಾಗಾದರೆ ಏನು ಮಾಡಬೇಕು? ಇಫ್ ಜೊತೆ ಇಸ್‌ನಂಬರ್ ಬಳಸಿ. ಸಂಖ್ಯೆ ಇದ್ದರೆ ಗುಣಿಸಲಿ, ಇಲ್ಲದಿದ್ದರೆ ‘ಗಂಟೆ ಸರಿಪಡಿಸಿ’ ಎಂದು ತೋರಿಸಲಿ. ಆಗ ತಪ್ಪು ಯಾವ ದಿನದ್ದು ಅಂತ ತಕ್ಷಣ ತಿಳಿಯುತ್ತದೆ. ಓವರ್‌ಟೈಮ್ ಇಲ್ಲದ ದಿನ ಖಾಲಿ ಬಿಡದೆ 0 ಬರೆಯಿರಿ.

ಕೊನೆಗೆ ಗಂಟೆಗಳ ಕಾಲಂಗೆ ಕೌಂಟ್ ಫಾರ್ಮುಲಾ ಹಾಕಿ. ಅದು ಸಂಖ್ಯೆ ಇರುವ ಸೆಲ್‌ಗಳನ್ನು ಮಾತ್ರ ಎಣಿಸುತ್ತದೆ. 30 ದಿನದ ತಿಂಗಳಿಗೆ 30 ಬರಬೇಕು. 29 ಬಂದರೆ ಟೋಟಲ್ ನಂಬಬೇಡಿ. ಆ ಒಂದು ದಿನ ಹುಡುಕಿ ಸರಿಮಾಡಿ, ಆಮೇಲೆ ಸಂಬಳದ ಸ್ಲಿಪ್ ಜೊತೆ ತಾಳೆ ನೋಡಿ. ಕಂಪನಿಯವರನ್ನು ಕೇಳುವ ಮೊದಲು ನಮ್ಮ ಲೆಕ್ಕ ಗಟ್ಟಿಯಾಗಿರಬೇಕು.