ಡೆಸ್ಕ್‌ಟಾಪ್ ಬದಲಿಸೋದು ಯಾವಾಗ?

ನಮ್ಮ ಹಾಸ್ಟೆಲ್‌ನಲ್ಲಿ ಆರ್ಚ್ ಲಿನಕ್ಸ್ ಹಾಕ್ಕೊಂಡಿರೋರು ನಾಲ್ಕೈದು ಜನ ಇದ್ದೀವಿ. ತಿಂಗಳಿಗೊಮ್ಮೆ ಯಾರಾದ್ರೂ ಬಂದು ಕೇಳೇ ಕೇಳ್ತಾರೆ: "ಗ್ನೋಮ್ ಬೇಜಾರಾಯ್ತು ಮಾರಾಯ, ಕೆಡಿಇಗೆ ಹೋಗ್ಲಾ?" ಯಾವುದು ಒಳ್ಳೇದು ಅಂತ ಜಗಳ ಆಡೋಕೆ ಎಲ್ಲರೂ ರೆಡಿ. ಯಾವಾಗ ಬದಲಿಸಬೇಕು ಅಂತ ಮಾತ್ರ ಯಾರೂ ಹೇಳಲ್ಲ. ನಾನು ತಪ್ಪು ದಿನ ಬದಲಿಸಿ ಪೆಟ್ಟು ತಿಂದವನು, ಅದಕ್ಕೇ ಈ ಲೇಖನ.

ಹೊಸಬರಿಗೆ ಮೊದಲು ಎರಡು ವಿಷಯ. ಲಿನಕ್ಸ್‌ನಲ್ಲಿ ನಮ್ಮ ಕಣ್ಣಿಗೆ ಕಾಣೋ ಭಾಗ, ಅಂದ್ರೆ ಮೆನು, ಪ್ಯಾನೆಲ್, ಸೆಟ್ಟಿಂಗ್ಸ್, ಕಿಟಕಿಗಳು ಎಲ್ಲ ಸೇರಿ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್. ಒಳಗಿನ ಫೈಲುಗಳನ್ನ ಮುಟ್ಟದೆ ಇದೊಂದನ್ನೇ ಬದಲಿಸಬಹುದು. ಗ್ನೋಮ್ ಮತ್ತು ಕೆಡಿಇಯವರ ಪ್ಲಾಸ್ಮಾ ಇದರಲ್ಲಿ ದೊಡ್ಡವು. ಎರಡನೆಯದು ರೋಲಿಂಗ್ ರಿಲೀಸ್. ಆರ್ಚ್, ಓಪನ್‌ಸೂಸೆ ಟಂಬಲ್‌ವೀಡ್ ತರಹದವಕ್ಕೆ ಎರಡು ವರ್ಷಕ್ಕೊಮ್ಮೆ ಬರೋ ದೊಡ್ಡ ಆವೃತ್ತಿ ಅಂತ ಇಲ್ಲ, ಅಪ್‌ಡೇಟ್‌ಗಳು ಹರಿದು ಬರ್ತಾನೇ ಇರ್ತವೆ. ಪ್ಲಾಸ್ಮಾ 6 ಬಿಡುಗಡೆ ಆಗಿದ್ದು 2024ರ ಫೆಬ್ರವರಿ 28ಕ್ಕೆ. ಆರ್ಚ್ ಬಳಸೋರಿಗೆ ಅದು ಕೆಲವೇ ದಿನದಲ್ಲಿ ಸಿಕ್ಕಿತು. ಡೆಬಿಯನ್ ಸ್ಟೇಬಲ್ ಬಳಸೋರು 2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬರೋವರೆಗೆ ಕಾಯಬೇಕಾಯ್ತು. ಹೊಸದು ನಮಗೆ ಮೊದಲು ಸಿಗುತ್ತೆ, ಹೊಸ ತಪ್ಪುಗಳೂ ಮೊದಲು ನಮಗೇ ಸಿಗ್ತವೆ.

ಹಾಗಾಗಿ ಅಪ್‌ಡೇಟ್ ಆದ ಮಾರನೇ ದಿನ ಏನೋ ಕೆಟ್ಟಿತು ಅಂತ ಡೆಸ್ಕ್‌ಟಾಪ್ ಬದಲಿಸೋದು ದುಡುಕು. ಪ್ಲಾಸ್ಮಾದ ಪ್ರತಿ ಹೊಸ ಆವೃತ್ತಿ ಆದ್ಮೇಲೆ ತಪ್ಪು ಸರಿಮಾಡೋ ಬಿಡುಗಡೆಗಳು 1, 1, 2, 3, 5 ವಾರಗಳ ಅಂತರದಲ್ಲಿ ಬರ್ತವೆ. ಹೌದು, ಸಿ ಲ್ಯಾಬ್‌ನಲ್ಲಿ ಬರೆದ ಅದೇ ಫಿಬೊನಾಚಿ! ಅಂದ್ರೆ ಮೊದಲ ನಾಲ್ಕು ವಾರದಲ್ಲೇ ಮೂರು ಸಲ ರಿಪೇರಿ. ಗ್ನೋಮ್ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹೊಸದಾಗುತ್ತೆ. ಆಗ ಎಷ್ಟೋ ಎಕ್ಸ್‌ಟೆನ್ಷನ್‌ಗಳು ಕೆಲಸ ನಿಲ್ಲಿಸ್ತವೆ, ಅವನ್ನ ಬರೆದವರು ಹೊಸ ಆವೃತ್ತಿಗೆ ಹೊಂದಿಸೋಕೆ ಸ್ವಲ್ಪ ಟೈಮ್ ಬೇಕು. 2023ರ ಸೆಪ್ಟೆಂಬರ್‌ನ ಗ್ನೋಮ್ 45ರಲ್ಲಂತೂ ಎಕ್ಸ್‌ಟೆನ್ಷನ್ ಬರೆಯೋ ರೀತಿಯೇ ಬದಲಾಗಿ ಹಳೇವೆಲ್ಲವನ್ನೂ ತಿದ್ದಬೇಕಾಯ್ತು. ನನ್ನ ಲೆಕ್ಕ ಒಂದು ತಿಂಗಳು. ಅಷ್ಟರಲ್ಲಿ ಸರಿಹೋದ್ರೆ ಅದು ಬರೀ ತಪ್ಪು.

ಆದರೆ ಕೆಲವು ತಪ್ಪಲ್ಲ, ಮಾಡಿದವರ ನಿರ್ಧಾರ. 2025ರ ಸೆಪ್ಟೆಂಬರ್‌ನ ಗ್ನೋಮ್ 49ರಲ್ಲಿ ಹಳೆಯ ಎಕ್ಸ್11 ಸೆಷನ್ ಡೀಫಾಲ್ಟ್ ಆಗಿ ಆಫ್ ಆಯ್ತು. ಅದು ವಾಪಸ್ ಬರುತ್ತೆ ಅಂತ ಕಾಯೋದ್ರಲ್ಲಿ ಅರ್ಥ ಇಲ್ಲ. ನಿಮ್ಮ ಕಿರಿಕಿರಿ ಇಂಥ ನಿರ್ಧಾರದಿಂದ ಬಂದಿದ್ದು ಅಂತ ಗೊತ್ತಾದ್ರೆ, ಆಗ ಬದಲಿಸೋ ಯೋಚನೆ ಮಾಡಿ.

ಈಗ ನನ್ನ ಕಥೆ. ಹೋದ ಮಳೆಗಾಲದಲ್ಲಿ ಸಾಗರಕ್ಕೆ, ಮನೆಗೆ ಹೋಗಿದ್ದೆ. ಸೋಮವಾರ ಮಿನಿ ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕಿತ್ತು. ಶನಿವಾರ ರಾತ್ರಿ ಬೇರೆ ಕೆಲಸ ಇಲ್ಲದವನ ಹಾಗೆ ಮೂರು ವಾರದ ಅಪ್‌ಡೇಟ್, ಪ್ಲಾಸ್ಮಾ ಹಾಕೋದು, ಗ್ನೋಮ್ ತೆಗೆಯೋದು ಎಲ್ಲ ಒಟ್ಟಿಗೆ ಶುರು ಮಾಡಿದೆ. ಶರಾವತಿ ನೀರಿನಿಂದ ರಾಜ್ಯಕ್ಕೆಲ್ಲ ಕರೆಂಟ್ ಕೊಡೋ ಲಿಂಗನಮಕ್ಕಿ ನಮ್ಮ ತಾಲ್ಲೂಕಲ್ಲೇ ಇದ್ರೂ, ಗಾಳಿಮಳೆಗೆ ಮರ ಲೈನ್ ಮೇಲೆ ಬಿದ್ರೆ ನಮ್ಮನೇಲೂ ಕತ್ತಲೆಯೇ. ಬ್ಯಾಟರಿ ಹತ್ತು ನಿಮಿಷದ್ದು. ಕರ್ನಲ್ ಅಪ್‌ಡೇಟ್ ಅರ್ಧದಲ್ಲಿರೋವಾಗ ಲ್ಯಾಪ್‌ಟಾಪ್ ಆಫ್ ಆಯ್ತು. ಆಮೇಲೆ ಬೂಟ್ ಆಗ್ಲೇ ಇಲ್ಲ.

ಬೆಳಿಗ್ಗೆ ದೊಡ್ಡಪ್ಪನ ಮನೆಗೆ ಹೋಗಿ ಅಲ್ಲಿನ ಕಂಪ್ಯೂಟರ್‌ನಲ್ಲಿ ಬೂಟ್ ಆಗೋ ಪೆನ್‌ಡ್ರೈವ್ ಮಾಡ್ಕೊಂಡು ಬಂದೆ. ಕರ್ನಲ್ ಮತ್ತೆ ಹಾಕಿದ್ಮೇಲೆ ಲ್ಯಾಪ್‌ಟಾಪ್ ಎದ್ದಿತು, ಫೈಲುಗಳೂ ಇದ್ದವು. ಆದರೆ ಕನ್ನಡ ಟೈಪ್ ಆಗ್ತಿರಲಿಲ್ಲ. ಅಪ್‌ಡೇಟ್‌ನಿಂದ ಹೀಗಾಯ್ತಾ, ಅರ್ಧ ನಿಂತಿದ್ದಕ್ಕಾ, ಪ್ಲಾಸ್ಮಾದಿಂದಾನಾ? ಮೂರನ್ನೂ ಒಂದೇ ರಾತ್ರಿ ಮಾಡಿದವನಿಗೆ ಹೇಗೆ ಗೊತ್ತಾಗ್ಬೇಕು? ರಿಪೋರ್ಟ್ ಒಂದು ದಿನ ತಡ ಆಯ್ತು, ಮಾರ್ಕ್ಸ್ ಹೋಯ್ತು.

ಕಾರಣ ತಿಳಿದಾಗ ನಗು ಬಂತು. ಕಗಪ ಲೇಔಟ್‌ನಲ್ಲಿ ಟೈಪ್ ಮಾಡೋಕೆ ನಾನು ಬಳಸೋದು ಐಬಸ್. ಗ್ನೋಮ್‌ನಲ್ಲಿ ಅದು ಡೆಸ್ಕ್‌ಟಾಪ್ ಜೊತೆಗೇ ಸೇರ್ಕೊಂಡಿದೆ. ಪ್ಲಾಸ್ಮಾದಲ್ಲಿ, ವೇಲ್ಯಾಂಡ್ ಸೆಷನ್ ಆದ್ರೆ, ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಪುಟಕ್ಕೆ ಹೋಗಿ ಐಬಸ್ ಅಥವಾ ಎಫ್‌ಸಿಟಿಎಕ್ಸ್ ಅನ್ನು ನಾವೇ ಆರಿಸಬೇಕು. ವರ್ಚುವಲ್ ಕೀಬೋರ್ಡ್ ಅಂದ್ರೆ ಸ್ಕ್ರೀನ್ ಮೇಲೆ ಬರೋದು ಅಂದ್ಕೊಂಡು ನಾನು ಆ ಪುಟ ತೆಗೆದೇ ನೋಡಿರಲಿಲ್ಲ. ಇನ್‌ಸ್ಕ್ರಿಪ್ಟ್ ರೂಢಿ ಇರೋರಿಗೆ ಈ ತಲೆಬಿಸಿ ಇಲ್ಲ, ಆ ಲೇಔಟ್ ಐಬಸ್ ಇಲ್ಲದೆಯೂ ಎರಡರಲ್ಲೂ ನಡೆಯುತ್ತೆ.

ಈಗ ನಾನು ಪಾಲಿಸೋ ಕ್ರಮ ಹೀಗಿದೆ. ಮೊದಲು ಆರ್ಚ್‌ನ ಸುದ್ದಿ ಪುಟ ಓದಿ, ಪೂರ್ತಿ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ, ಎರಡು ದಿನ ಬಳಸಿ. ಅರ್ಧ ಅಪ್‌ಡೇಟ್ ಮಾಡಿ ಅರ್ಧ ಬಿಡೋದಕ್ಕೆ ಆರ್ಚ್‌ನಲ್ಲಿ ಬೆಂಬಲವೇ ಇಲ್ಲ. ಎಲ್ಲ ಸರಿ ಇದ್ರೆ ಹೊಸ ಡೆಸ್ಕ್‌ಟಾಪ್ ಹಾಕಿ, ಆದರೆ ಹಳೇದನ್ನ ತೆಗೀಬೇಡಿ. ಲಾಗಿನ್ ಮಾಡುವಾಗ ಯಾವುದು ಬೇಕೋ ಅದನ್ನ ಆರಿಸಬಹುದು. ಪ್ರಯೋಗಕ್ಕೆ ಬೇರೆ ಯೂಸರ್ ಅಕೌಂಟ್ ಮಾಡ್ಕೊಳ್ಳಿ. ಇಲ್ಲದಿದ್ರೆ ಒಂದರ ಥೀಮ್, ಫಾಂಟ್ ಸೆಟ್ಟಿಂಗ್ ಇನ್ನೊಂದರೊಳಗೆ ನುಗ್ಗಿ ಗೋಜಲಾಗುತ್ತೆ. ಒಂದು ವಾರ ಅದರಲ್ಲೇ ದಿನದ ಕೆಲಸ ಮಾಡಿ: ಕನ್ನಡ ಟೈಪಿಂಗ್, ಕಾಲೇಜ್ ವೈಫೈ, ಸೆಮಿನಾರ್ ಹಾಲ್‌ನ ಪ್ರೊಜೆಕ್ಟರ್, ಪ್ರಿಂಟ್, ಮುಚ್ಚಿ ತೆರೆದಾಗ ನಿದ್ದೆಯಿಂದ ಏಳೋದು. ಇವೆಲ್ಲ ಪಾಸಾದ್ರೆ ನಿಮ್ಮ ಅಕೌಂಟ್‌ನಲ್ಲಿ ಬದಲಿಸಿ. ಟಂಬಲ್‌ವೀಡ್ ಬಳಸೋರಿಗೆ ಇನ್ನೊಂದು ಅನುಕೂಲ. ಬಿಟಿಆರ್‌ಎಫ್‌ಎಸ್ ಮೇಲೆ ಹಾಕಿದ್ರೆ ಸ್ನ್ಯಾಪರ್ ಹಿಂದಿನ ಸ್ಥಿತಿಯನ್ನ ಉಳಿಸಿಟ್ಟಿರುತ್ತೆ, ಬೂಟ್ ಮೆನುವಿನಿಂದಲೇ ವಾಪಸ್ ಹೋಗಬಹುದು.

ಇನ್ನು ದಿನದ ವಿಚಾರ. ಇಂಟರ್ನಲ್ಸ್‌ಗೆ, ಸಬ್ಮಿಷನ್‌ಗೆ ಎರಡು ವಾರ ಇರುವಾಗಲೇ ಕೈ ಹಾಕೋದು ನಿಲ್ಲಿಸಿ. ಮಲೆನಾಡಿನ ಮಳೆಗಾಲದಲ್ಲಿ ಯುಪಿಎಸ್ ಇಲ್ಲದ ಮನೆಯಲ್ಲಿ ಬೇಡ. ದಿನದ ಡೇಟಾ ಪ್ಯಾಕ್ ನಂಬ್ಕೊಂಡು ಬೇಡ. ನಾನು ಈಗ ಪ್ಲಾಸ್ಮಾದಲ್ಲೇ ಇದ್ದೀನಿ, ಈ ಲೇಖನ ಟೈಪ್ ಮಾಡಿದ್ದೂ ಅದರಲ್ಲೇ. ಬದಲಿಸೋ ಮನಸ್ಸಿದ್ರೆ ಇಂಟರ್ನಲ್ಸ್ ಮುಗಿದ ಮೇಲೆ ಬನ್ನಿ, ಆ ಪೆನ್‌ಡ್ರೈವ್ ಇನ್ನೂ ನನ್ನ ಹತ್ರ ಇದೆ.